ಕಣ್ಣಾಮುಚ್ಚಾಲೆ ಟೀಚರ್

ಐದನೇ ತರಗತಿಗೆ ಓದು ಕಲಿಸುವ ಟೀಚರಿಗೆ ಮಕ್ಕಳಿಟ್ಟ ಹೆಸರು ಕಣ್ಣಾಮುಚ್ಚಾಲೆ ಟೀಚರ್. ಯಾಕೆ ಈ ಹೆಸರು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮಗುವೊಂದು ಪುಸ್ತಕ ಹಿಡಿದು ಎದ್ದು ನಿಂತು ಓದಲು ಶುರುಮಾಡಿತೆಂದರೆ ಸಾಕು, ಅವರು ಕುರ್ಚಿಗೆ ಒರಗಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿಬಿಡುತ್ತಿದ್ದರು. ಹಾಗೆ ಕೂತಲ್ಲಿಂದಲೇ, "ಒಂದು ಸಾಲು ಹಾರಿಸಿದೆ, ಹಿಂದಕ್ಕೆ ಹೋಗು" ಅನ್ನುತ್ತಿದ್ದರು. ಕೊನೆಯ ಬೆಂಚಿನಲ್ಲಿ ಯಾರಾದರೂ ಮೆಲ್ಲಗೆ ಪೆನ್ಸಿಲ್ ಡಬ್ಬಿ ತೆರೆದರೆ, "ಡಬ್ಬಿ ಮುಚ್ಚಮ್ಮ, ಗಂಟೆ ಹೊಡೆಯೋಕೆ ಇನ್ನೂ ಹೊತ್ತಿದೆ" ಅನ್ನುತ್ತಿದ್ದರು. ಟೀಚರ್ ಮುಂದೆ ಕಣ್ಣು ತಪ್ಪಿಸಿ ಏನು ಬೇಕಾದರೂ ಮಾಡಬಹುದು, ಆದರೆ ಕಿವಿ ತಪ್ಪಿಸಿ ಏನೂ ಮಾಡಲಾಗದು ಎಂಬುದು ಮಕ್ಕಳು ಪ್ರತಿವರ್ಷ ಮೊದಲ ವಾರದಲ್ಲೇ ಕಲಿಯುತ್ತಿದ್ದ ಪಾಠ.

ಈ ಅಭ್ಯಾಸ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ತರಗತಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಎದೆ ಸೆಟೆಸಿ, ಮುಖ ಅರಳಿಸಿ, ಬೆರಳು ಸಾಲಿನ ಮೇಲಿಟ್ಟು ಎಷ್ಟು ಚೆಂದ ಓದುತ್ತಿದ್ದಳೆಂದರೆ ಟೀಚರ್ ಅವಳನ್ನೇ ಎಲ್ಲರಿಗೂ ಮಾದರಿ ಎಂದು ತೋರಿಸುತ್ತಿದ್ದರು. ವರ್ಷದ ಕೊನೆಯಲ್ಲಿ ಒಂದು ದಿನ ಆ ಹುಡುಗಿ ತಪ್ಪು ಪುಟ ತೆರೆದುಕೊಂಡು ಸರಿಯಾದ ಪಾಠ ಓದಿಬಿಟ್ಟಳು. ಮನೆಯಲ್ಲಿ ಅಕ್ಕ ದಿನವೂ ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದಳಂತೆ. ಮಗುವಿಗೆ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಆ ದಿನ ಟೀಚರಿಗೆ ಊಟ ಸೇರಲಿಲ್ಲ. ಹುಡುಗಿ ಮೋಸ ಮಾಡಿದಳೆಂಬ ಸಿಟ್ಟಲ್ಲ ಅದು. ಒಂದು ವರ್ಷ ಪೂರ್ತಿ ತಾನು ಅವಳ ಮುಖ ನೋಡುತ್ತಾ ಕೂತಿದ್ದೆ, ಓದು ಕೇಳಲೇ ಇಲ್ಲ ಎಂಬ ನಾಚಿಕೆ. ಬಾಯಿಪಾಠದ ದನಿ ಇಳಿಜಾರಿನಲ್ಲಿ ಬಿಟ್ಟ ಚೆಂಡಿನ ಹಾಗೆ ಉರುಳಿಕೊಂಡು ಹೋಗುತ್ತದೆ. ಓದುವ ದನಿ ಹಾಗಲ್ಲ, ಅದು ಗೊತ್ತಿಲ್ಲದ ಓಣಿಯಲ್ಲಿ ನಡೆಯುವವರ ಹಾಗೆ ತಿರುವಿನಲ್ಲಿ ಒಂದಿಷ್ಟು ನಿಂತು ಮುಂದೆ ಹೋಗುತ್ತದೆ. ಕಣ್ಣು ಮುಚ್ಚಿದರೆ ಎರಡನ್ನೂ ಬೇರೆ ಮಾಡುವುದು ಕಷ್ಟವೇ ಅಲ್ಲ. ಮರುದಿನದಿಂದ ಅವರು ಕಣ್ಣು ಮುಚ್ಚಿದರು. ಎರಡು ಜಡೆಯವಳನ್ನು ರಜೆಯಲ್ಲಿ ದಿನವೂ ಮನೆಗೆ ಕರೆಸಿಕೊಂಡು ಓದಿಸಿದರು.

ಮನೆಯೆಂದರೆ ಮೂರೇ ಜನ. ಗಂಡ ಟೈಲರ್. ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಅಂಗಿಗಳು, ನೆಲದ ತುಂಬಾ ಬಟ್ಟೆಯ ಚೂರು. ಅದೇ ಕೋಣೆಯ ಮೂಲೆಯಲ್ಲಿ ಬೆತ್ತದ ಸ್ಟೂಲಿನ ಮೇಲೆ ಕೂತು ಗುಂಡಿ ಹಾಕುವವರು ಟೀಚರ ಅತ್ತೆ. ಎಪ್ಪತ್ತೆಂಟು ವರ್ಷ, ಕನ್ನಡಕ ಎರಡು ಜೊತೆ. ಒಂದು ಸೂಜಿಗೆ ದಾರ ಪೋಣಿಸಲು, ಇನ್ನೊಂದು ಪೇಪರ್ ಓದಲು. ಪೇಪರನ್ನು ಅವರು ಹೆಸರಿನಿಂದ ಹಿಡಿದು ಕೊನೆಯ ಪುಟದ ಜಾಹೀರಾತಿನ ತನಕ ಒಂದಕ್ಷರ ಬಿಡದೆ ಓದುತ್ತಿದ್ದರು.

ಹಾಗಾಗಿ ಸುದ್ದಿ ಮೊದಲು ಸಿಕ್ಕಿದ್ದೂ ಅವರಿಗೇ.

"ಏನೇ, ಪೇಪರಲ್ಲಿ ನಿನ್ನ ಫೋಟೋ ಬಂದಿದೆ" ಎಂದು ಅತ್ತೆ ಸ್ಟೂಲಿನಿಂದಲೇ ಕರೆದರು. "ಫೋಟೋ ಏನೋ ಚೆನ್ನಾಗಿದೆ. ಬರೆದಿರೋದು ಮಾತ್ರ ಚೆನ್ನಾಗಿಲ್ಲ."

ಟೀಚರ್ ಟೀ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದರು. ಮೊದಲ ಪುಟದ ಅರ್ಧದಷ್ಟು ಜಾಗದಲ್ಲಿ ತಾವೇ. ಕುರ್ಚಿಗೆ ಒರಗಿದ್ದಾರೆ, ಕಣ್ಣು ಮುಚ್ಚಿದೆ. ತರಗತಿಯ ಕಿಟಕಿಯಾಚೆಯಿಂದ ಯಾರೋ ತೆಗೆದದ್ದು. ಎದುರಿಗೆ ನಿಂತು ಓದುತ್ತಿದ್ದ ಹುಡುಗಿಯನ್ನು ಕತ್ತರಿಸಿ ಹಾಕಿದ್ದರು, ಅವಳ ಪುಸ್ತಕದ ಒಂದು ಅಂಚು ಮಾತ್ರ ಫೋಟೋದ ತುದಿಯಲ್ಲಿ ಉಳಿದುಕೊಂಡಿತ್ತು. ಮೇಲೆ ದಪ್ಪ ಅಕ್ಷರದಲ್ಲಿ, 'ಕೆಲಸ ಕಾಯಂ, ನಿದ್ದೆಯೂ ಕಾಯಂ'.

ಆ ವರ್ಷ ಶಿಕ್ಷಣ ಮಂಡಳಿಯ ಮುಂದೆ ಒಂದು ಪ್ರಸ್ತಾವವಿತ್ತು. ಇನ್ನು ಮುಂದೆ ಟೀಚರುಗಳ ಕೆಲಸ ಕಾಯಂ ಆಗಿರುವುದು ಬೇಡ, ಎಲ್ಲರಿಗೂ ವರ್ಷ ವರ್ಷದ ಗುತ್ತಿಗೆ ಸಾಕು ಎಂಬುದು ಅದರ ಸಾರ. ಆ ಪ್ರಸ್ತಾವ ಬಂದಾಗಿನಿಂದ ಪತ್ರಿಕೆ ಟೀಚರುಗಳ ಬೆನ್ನು ಹತ್ತಿತ್ತು. ತಡವಾಗಿ ಬರುವವರ ಬಗ್ಗೆ ಒಂದು ವಾರ, ಬೇಗ ಹೋಗುವವರ ಬಗ್ಗೆ ಒಂದು ವಾರ. ಇದು ನಾಲ್ಕನೇ ಕಂತು. ತೆಗೆದುಹಾಕುವ ಭಯವಿಲ್ಲದವರು ಕೆಲಸ ಯಾಕೆ ಮಾಡುತ್ತಾರೆ ಎಂದು ಅದು ಕೇಳಿತ್ತು.

ಟೀಚರಿಗೆ ಮೊದಲು ಬಂದದ್ದು ನಗು. ಅತ್ತೆ ಮಾತ್ರ ನಗಲಿಲ್ಲ. ಪೇಪರನ್ನು ಮೂಗಿನ ಹತ್ತಿರ ಹಿಡಿದು ಇನ್ನೊಮ್ಮೆ ಪರೀಕ್ಷೆ ಮಾಡಿ, "ಇದು ನಿದ್ದೆ ಅಲ್ಲ" ಎಂದು ತೀರ್ಪು ಕೊಟ್ಟರು. "ಇಪ್ಪತ್ತಾರು ವರ್ಷದಿಂದ ನೋಡ್ತಿದ್ದೀನಿ. ನಿದ್ದೆ ಹತ್ತಿದ್ರೆ ನಿನ್ನ ಬಾಯಿ ತೆರೆದುಕೊಳ್ಳುತ್ತೆ. ಇದ್ರಲ್ಲಿ ಮುಚ್ಚಿದೆ."

"ಅತ್ತೆ, ಇದನ್ನ ಬೇರೆ ಯಾರಿಗೂ ಹೇಳಬೇಡಿ" ಅಂದರು ಟೀಚರ್.

ನಗು ಬೀದಿ ಮುಟ್ಟುವಷ್ಟರಲ್ಲಿ ಆರಿಹೋಯಿತು. ದಿನವೂ ಕೈ ಬೀಸುತ್ತಿದ್ದ ಹಣ್ಣಿನಂಗಡಿಯವನು ಅವತ್ತು ಬುಟ್ಟಿ ಸರಿಮಾಡುವುದರಲ್ಲಿ ಮುಳುಗಿದ್ದ. ಬಸ್ ನಿಲ್ದಾಣದಲ್ಲಿ ಇಬ್ಬರು ಪಿಸುಗುಟ್ಟಿದರು. ಮುಂದಿನ ಕೋಣೆಯಲ್ಲಿ ಪ್ಯಾಂಟು ಗಿಡ್ಡ ಮಾಡಿಸಲು ಬಂದವರೊಬ್ಬರು ಗಂಡನಿಗೆ, "ನಿಮ್ಮ ಮನೆಯವರ ಥರ ಕೆಲಸ ಸಿಕ್ಕಿದ್ರೆ ನಾನೂ ಆರಾಮಾಗಿ ಮಲಗ್ತಿದ್ದೆ" ಅಂದರಂತೆ. ಗಂಡ ಜಗಳದ ಮನುಷ್ಯರಲ್ಲ. ಟೇಪು ಕೊರಳಿಗೆ ಹಾಕಿಕೊಂಡು, "ಹಾಗಾದ್ರೆ ಈ ಪ್ಯಾಂಟು ನಾನೂ ಮಲಗಿಕೊಂಡೇ ಕತ್ತರಿಸ್ತೀನಿ. ಎರಡೂ ಕಾಲು ಒಂದೇ ಅಳತೆಗೆ ಬಂದ್ರೆ ನಿಮ್ಮ ಅದೃಷ್ಟ" ಅಂದರು.

ತರಗತಿಯಲ್ಲಿ ಮಕ್ಕಳು ಪಿಟ್ಟೆನ್ನದೆ ಕೂತಿದ್ದರು. ಒಬ್ಬಳು ಧೈರ್ಯಮಾಡಿ, "ಟೀಚರ್, ಇವತ್ತು ಕಣ್ಣು ತೆರೆದುಕೊಂಡೇ ಕೇಳ್ತೀರಾ?" ಅಂದಳು. ಪ್ರಯತ್ನ ಮಾಡಿ ನೋಡೋಣ ಎಂದು ಟೀಚರ್ ಕಣ್ಣು ತೆರೆದೇ ಕೂತರು. ಓದಲು ಎದ್ದ ಹುಡುಗ ಪುಸ್ತಕ ಬಿಟ್ಟು ಅವರ ಹುಬ್ಬನ್ನೇ ಓದತೊಡಗಿದ. ಹುಬ್ಬು ಮೇಲೆ ಹೋದರೆ ಪದ ಬದಲಿಸುವನು, ಕೆಳಗಿಳಿದರೆ ಮುಂದುವರಿಸುವನು. ಹತ್ತು ನಿಮಿಷಕ್ಕೇ ಟೀಚರಿಗೆ ಸಾಕಾಯಿತು. ಕಿಟಕಿಯಾಚೆ ಯಾರು ಬೇಕಾದರೂ ನಿಂತುಕೊಳ್ಳಲಿ ಎಂದು ಕಣ್ಣು ಮುಚ್ಚಿದರು. ತರಗತಿಗೂ ಉಸಿರು ಬಂತು.

ಮಧ್ಯಾಹ್ನ ಹೆಡ್‌ಮಾಸ್ಟರು ಕರೆಸಿದರು. ಯಾರಿಗೂ ಬೇಸರವಾಗಬಾರದು ಎಂದು ಬದುಕಿದ ಮನುಷ್ಯ. ಮೇಜಿನ ಮೇಲೆ ಪೇಪರನ್ನು ಬೋರಲು ಹಾಕಿಟ್ಟಿದ್ದರು.

"ಒಂದು ಸಣ್ಣ ಕ್ಷಮಾಪಣೆ ಬರೆದುಕೊಡಿ ಟೀಚರ್. ನಾಲ್ಕು ಸಾಲು ಸಾಕು. ಎರಡು ದಿನದಲ್ಲಿ ತಣ್ಣಗಾಗುತ್ತೆ."

"ಬರೀತೀನಿ ಸಾರ್. ಆದ್ರೆ ಮಾಡದೇ ಇರೋ ನಿದ್ದೆಗೆ ಏನಂತ ಕ್ಷಮೆ ಕೇಳೋದು, ನೀವೇ ಒಂದು ಸಾಲು ಹೇಳಿಕೊಡಿ."

ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ತೆರೆದರು, ಮುಚ್ಚಿದರು. ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಟೀಚರ್ ಪತ್ರಿಕೆಯ ಕಚೇರಿಗೆ ಹೊರಟರು. ಅತ್ತೆ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಸಾಕ್ಷಿ ಬೇಡವಾ ನಿನಗೆ?" ಎಂದರು. ಬೇಡವೆಂದರೂ ನಿಲ್ಲುವವರಲ್ಲ.

ಕಚೇರಿ ಎರಡನೇ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಸಾಲಾಗಿ ಕಂಪ್ಯೂಟರು, ಎಲ್ಲಿ ನೋಡಿದರಲ್ಲಿ ಖಾಲಿ ಟೀ ಕಪ್ಪು. ಸಂಪಾದಕರು ದಪ್ಪ ಮೀಸೆಯವರು, ಜಗಳ ನಿರೀಕ್ಷಿಸಿ ಎದೆಯ ಮೇಲೆ ಕೈ ಕಟ್ಟಿಕೊಂಡೇ ಕೂತಿದ್ದರು. ಕಂತುಗಳನ್ನು ಬರೆದ ವರದಿಗಾರ ಪಕ್ಕದಲ್ಲಿ ನಿಂತಿದ್ದ. ಮೂವತ್ತರ ಒಳಗಿನ ಗುಂಗುರು ಕೂದಲಿನವನು. ಅವರಿಬ್ಬರು ಏನಾದರೂ ಕೇಳುವ ಮೊದಲೇ ಅತ್ತೆ ಸಾಕ್ಷಿ ಹೇಳಿಬಿಟ್ಟರು. ಬಾಯಿ ತೆರೆದರೆ ನಿದ್ದೆ, ಮುಚ್ಚಿದರೆ ಎಚ್ಚರ. ಬೇಕಾದರೆ ಮಗನನ್ನೂ ಕರೆಸುತ್ತೇನೆ, ಅವನಿಗೆ ಗೊರಕೆಯ ವಿಷಯವೂ ಗೊತ್ತು ಎಂದರು. ಟೀಚರ್ ನೆಲ ನೋಡಿದರು. ಸಂಪಾದಕರ ಮೀಸೆ ಅಲುಗಿತು.

"ಅಮ್ಮಾ, ನಮ್ಮ ಹುಡುಗ ಕಣ್ಣಾರೆ ಕಂಡಿದ್ದನ್ನೇ ಬರೆದಿದ್ದಾನೆ" ಅಂದರು ಸಂಪಾದಕರು.

"ಕಂಡಿದ್ದನ್ನ ಬರೆದಿದ್ದಾರೆ, ನಿಜ" ಅಂದರು ಟೀಚರ್. "ಕೇಳಿಸಿಕೊಳ್ಳಲಿಲ್ಲ. ಕಿಟಕಿ ಹತ್ತಿರಾನೇ ನಿಂತಿದ್ರಲ್ಲ, ಒಳಗೆ ಮಗು ಓದ್ತಾ ಇರೋದು ಕೇಳಿಸಿರಬೇಕು." ಆಮೇಲೆ ಅವರು ವರದಿಗಾರನ ಕಡೆ ತಿರುಗಿದರು. "ನಿಮ್ಮ ಲೇಖನ ನೀವೇ ಒಂದು ಸಲ ಜೋರಾಗಿ ಓದ್ತೀರಾ? ನಾನು ಏನು ಮಾಡ್ತೀನಿ ಅಂತ ಬಾಯಲ್ಲಿ ಹೇಳೋದಕ್ಕಿಂತ ಅದು ಸುಲಭ."

ಕುರ್ಚಿ ಎಳೆದುಕೊಂಡು ಕೂತು, ಕೈ ಮಡಿಲಲ್ಲಿಟ್ಟು ಅವರು ಕಣ್ಣು ಮುಚ್ಚಿದರು. ವರದಿಗಾರ ಸಂಪಾದಕರನ್ನು ನೋಡಿದ, ಅವರು ಓದು ಎಂಬಂತೆ ತಲೆಯಾಡಿಸಿದರು. ಓದಿದ. ಮೊದಲ ಎರಡು ಪ್ಯಾರಾ ಸರಾಗವಾಗಿ ಹೋಯಿತು, ಆಮೇಲಿನದು ಇನ್ನೂ ಸರಾಗ. ಮುಗಿದಾಗ ಕೋಣೆಯ ಉಳಿದವರೂ ಕೆಲಸ ನಿಲ್ಲಿಸಿ ಕೇಳುತ್ತಿದ್ದರು.

ಟೀಚರ್ ಕಣ್ಣು ತೆರೆದರು. "ಓದು ಚೆನ್ನಾಗಿದೆ. ಯಾರೋ ಒಳ್ಳೆ ಟೀಚರ್ ಕಲಿಸಿದ್ದಾರೆ. ಕಿಟಕಿ, ಕುರ್ಚಿ, ಬೋರ್ಡು ಅಂತ ಬರೋ ಕಡೆ ನಿಮ್ಮ ದನಿ ಗಟ್ಟಿಯಾಗಿತ್ತು. ಅದೆಲ್ಲಾ ನೀವೇ ನೋಡಿದ್ದು. 'ಹತ್ತು ಜನರಲ್ಲಿ ನಾಲ್ಕು ಜನ ಪಾಠವನ್ನೇ ಮಾಡುವುದಿಲ್ಲ' ಅನ್ನೋ ಕಡೆ ದನಿ ಓಡಿಬಿಡ್ತು. ಬಾಯಿಪಾಠ ಒಪ್ಪಿಸೋ ಮಕ್ಕಳು ಹಾಗೆ ಓಡ್ತಾರೆ. ಆ ಮಾತು ನಿಮ್ಮದಲ್ಲ, ಯಾರೋ ಕೊಟ್ಟಿದ್ದು. ಹೌದೋ ಅಲ್ವೋ?"

ಗುಂಗುರು ಕೂದಲಿನವನ ಕಿವಿ ಕೆಂಪಾಯಿತು. "ಒಂದು ಹಾಳೆ ಬಂದಿತ್ತು" ಅಂದ. "ಪ್ರಸ್ತಾವ ತಂದವರ ಕಡೆಯಿಂದ."

"ಪರಿಶೀಲಿಸಿದ್ಯಾ?" ಎಂದರು ಸಂಪಾದಕರು, ಕೈ ಬಿಚ್ಚಿ.

"ಇಲ್ಲ ಸಾರ್. ಟೈಮ್ ಇರಲಿಲ್ಲ."

ಸಂಪಾದಕರು ಒರಟರಿರಬಹುದು, ಕೆಲಸ ಬಲ್ಲವರು. ಮೀಸೆ ನೀವಿಕೊಂಡು, "ಸೋಮವಾರದಿಂದ ಒಂದು ವಾರ ಇವರ ತರಗತಿಯಲ್ಲಿ ಕೂತ್ಕೋ. ಕಿಟಕಿಯಾಚೆ ಅಲ್ಲ, ಒಳಗೆ" ಎಂದರು. ಅತ್ತೆಗೆ ಟೀ ತರಿಸಿದರು. ಅತ್ತೆ ಟೀ ಕುಡಿಯುತ್ತಾ, ಪೇಪರಿನ ಏಳನೇ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ಅಚ್ಚಿನ ತಪ್ಪು ಬರುತ್ತದೆ ಎಂದು ಪಟ್ಟಿ ಒಪ್ಪಿಸಿದರು.

ಸೋಮವಾರ ವರದಿಗಾರ ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಿಸಲಾಗದೆ ಕೂತ. ಮಂಗಳವಾರ ಟೀಚರ್ ಅವನ ಕೈಗೇ ಪುಸ್ತಕ ಕೊಟ್ಟು, "ಇವತ್ತು ನೀವು ಓದಿಸಿ" ಅಂದರು. ನಲವತ್ತು ನಿಮಿಷದಲ್ಲಿ ಏಳು ಮಕ್ಕಳು ನೀರು ಕುಡಿಯಲು ಹೋದರು, ಇಬ್ಬರು ಒಂದೇ ರಬ್ಬರಿಗಾಗಿ ಕಿತ್ತಾಡಿದರು, ಒಬ್ಬಳು ಅವನ ಕೂದಲು ತಾನಾಗಿಯೇ ಗುಂಗುರೋ ಅಥವಾ ಅಂಗಡಿಯಲ್ಲಿ ಮಾಡಿಸಿದ್ದೋ ಎಂದು ಕೇಳಿದಳು. ಗಂಟೆ ಹೊಡೆದಾಗ ಅಂಗಿಯ ತೋಳಿಗೆಲ್ಲಾ ಸೀಮೆಸುಣ್ಣ. ಬಹಳ ಚೆನ್ನಾಗಿ ಓದಿದಳು ಎಂದು ಅವನು ಮೆಚ್ಚಿಕೊಂಡ ಹುಡುಗಿ ಪೂರ್ತಿ ಪಾಠವನ್ನು ಬಾಯಿಪಾಠ ಒಪ್ಪಿಸಿದ್ದಳು. ಟೀಚರ್ ಅದನ್ನು ಹೇಳಿದಾಗ ಅವನು ತಲೆ ಮೇಲೆ ಕೈಯಿಟ್ಟುಕೊಂಡು ನಕ್ಕ. ಆ ಹೊತ್ತಿನಿಂದ ಇಬ್ಬರಿಗೂ ಮಾತು ಸಲೀಸಾಯಿತು.

ಆದರೂ ಅವನಿಗೊಂದು ಪ್ರಶ್ನೆ ಉಳಿದಿತ್ತು. ಗುರುವಾರ ಊಟದ ಬಿಡುವಿನಲ್ಲಿ ಕೇಳಿದ. "ಮೇಡಂ, ನಿಮ್ಮಂಥವರನ್ನ ಯಾರೂ ತೆಗೆಯೋಲ್ಲ. ಹಾಗಿದ್ದ ಮೇಲೆ ಕಾಯಂ ಯಾಕೆ ಬೇಕು? ಮಲಗೋರು ಯಾರೂ ಇಲ್ಲ ಅಂತೀರಾ?"

"ಇದ್ದಾರೆ" ಅಂದರು ಟೀಚರ್ ಹಿಂದೆಮುಂದೆ ನೋಡದೆ. "ಈ ಶಾಲೆಯಲ್ಲೇ ಒಬ್ಬರಿದ್ದರು. ನೋಟಿಸ್ ಕೊಟ್ರು, ವಿಚಾರಣೆ ಮಾಡಿದ್ರು, ಅವರ ಮಾತೂ ಕೇಳಿದ್ರು, ಆಮೇಲೆ ತೆಗೆದ್ರು. ನಾನೇ ಹೋಗಿ ಕಂಡದ್ದನ್ನ ಹೇಳಿ ಬಂದೆ. ಕಾಯಂ ಅಂದ್ರೆ ತೆಗೆಯೋಕೇ ಆಗಲ್ಲ ಅಂತಲ್ಲ ಕಣಪ್ಪಾ. ಕಾರಣ ಹೇಳದೆ ತೆಗೆಯೋಕೆ ಆಗಲ್ಲ ಅಂತ. ಬನ್ನಿ, ಒಂದು ಜಾಗ ತೋರಿಸ್ತೀನಿ."

ಶಾಲೆಯ ಹಿಂಬದಿಗೆ ಕರೆದೊಯ್ದರು. ಅಲ್ಲಿ ನಾಲ್ಕು ಗೋಡೆಗಳು ಮಾತ್ರ ನಿಂತಿದ್ದವು, ಮೇಲೆ ಆಕಾಶ. ಹನ್ನೊಂದು ವರ್ಷದ ಹಿಂದೆ ಅದು ಹೊಸದಾಗಿ ಕಟ್ಟಿದ ಕೋಣೆ. ಆಗಿನ ಶಾಲಾ ಸಮಿತಿಯ ಅಧ್ಯಕ್ಷರ ಭಾವಮೈದುನನೇ ಕಟ್ಟಿಸಿದ್ದು. ಆ ಕೋಣೆಯಲ್ಲಿ ಪಾಠ ಮಾಡುತ್ತಿದ್ದವರು ಲೆಕ್ಕದ ಮೇಷ್ಟ್ರು, ವರ್ಷದ ಗುತ್ತಿಗೆಯ ಮೇಲಿದ್ದವರು. ಛಾವಣಿಯ ತೊಲೆಯಲ್ಲಿ ಬಿರುಕು ಕಂಡು, ದಿನವೂ ಪೆನ್ಸಿಲಿನಲ್ಲಿ ಅದರ ತುದಿಗೆ ಗುರುತು ಹಾಕಿ ಎಷ್ಟು ಉದ್ದವಾಗುತ್ತಿದೆ ಎಂದು ಬರೆದಿಟ್ಟರು. ಆ ಚೀಟಿ ಹಿಡಿದು ಅಧ್ಯಕ್ಷರ ಬಳಿ ಹೋದರು. ಮುಂದಿನ ತಿಂಗಳು ಗುತ್ತಿಗೆ ಮುಗಿಯಿತು, ಮತ್ತೆ ಆಗಲಿಲ್ಲ. ಯಾಕೆಂದು ಕೇಳಿದರೆ ಹುದ್ದೆ ಇಲ್ಲ ಎಂದರು.

"ಹೋಗೋ ದಿನ ಆ ಚೀಟಿ ನನ್ನ ಕೈಯಲ್ಲಿಟ್ಟರು" ಅಂದರು ಟೀಚರ್. "ನಾನು ಅದನ್ನೇ ಕಾಪಿ ಮಾಡಿ ಮೇಲಿನವರಿಗೆ ಬರೆದೆ. ಅಧ್ಯಕ್ಷರು ನನ್ನ ಮೇಲೂ ಹಾರಾಡಿದ್ರು. ಆದ್ರೆ ಏನಂತ ತೆಗೀತಾರೆ? ಬಿರುಕು ಕಂಡಿದ್ದು ತಪ್ಪು ಅಂತ ಬರೀಬೇಕಾಗುತ್ತೆ. ಎರಡು ತಿಂಗಳು ಗುದ್ದಾಡಿ ಕೋಣೆಗೆ ಬೀಗ ಹಾಕಿಸಿದೆ. ರಜೆಯಲ್ಲಿ ಛಾವಣಿ ಬಿತ್ತು. ಖಾಲಿ ಬೆಂಚುಗಳ ಮೇಲೆ."

ವರದಿಗಾರ ಗೋಡೆಗಳ ನಡುವಿನ ಹುಲ್ಲನ್ನು ನೋಡುತ್ತಾ ನಿಂತ.

"ಅವರು ನನಗಿಂತ ಒಳ್ಳೆ ಟೀಚರ್. ಬಿರುಕು ಮೊದಲು ಕಂಡವರೂ ಅವರೇ. ಅವರು ಹೋದ್ರು, ನಾನು ಉಳಿದೆ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಕಾಯಂ ಅಂತ ಬರೆದ ಒಂದು ಹಾಳೆ ಕಾಗದ ಅಷ್ಟೇ."

"ಈಗ ಎಲ್ಲಿದ್ದಾರೆ?"

"ಸಿಟಿ ಬಸ್ಸಿನ ಡ್ರೈವರ್. ಹನ್ನೆರಡನೇ ನಂಬರು."

ವರದಿಗಾರ ಅದೇ ಸಂಜೆ ಹನ್ನೆರಡನೇ ನಂಬರಿನ ಬಸ್ಸು ಹತ್ತಿದ. ಈ ಸಲ ಟೈಮ್ ಇಲ್ಲ ಎನ್ನದೆ ಮೂರು ವಾರ ತೆಗೆದುಕೊಂಡ. ಆ ಹಾಳೆಯ ಅಂಕಿಯ ಬೆನ್ನುಹತ್ತಿ ಹೋದರೆ ಸಿಕ್ಕಿದ್ದೇನು? ಯಾರೋ ಹತ್ತೇ ಹತ್ತು ಜನ ಟೀಚರುಗಳನ್ನು ನೋಡಲು ಹೋಗಿದ್ದರು, ಅದರಲ್ಲಿ ನಾಲ್ವರು ಆ ದಿನ ತರಬೇತಿಗೆ ಹೋಗಿದ್ದರು. ಕೊನೆಗೆ ಬಂದ ಲೇಖನ ಮೊದಲ ಪುಟದಲ್ಲಿ ಬರಲಿಲ್ಲ, ಮೂರನೇ ಪುಟದಲ್ಲಿ ಬಂತು. ತಪ್ಪಾಯಿತೆಂದು ಪತ್ರಿಕೆ ಸಣ್ಣ ಚೌಕದಲ್ಲಿ ಹೇಳಿಕೊಂಡಿತ್ತು. ಫೋಟೋ ಮಾತ್ರ ಈ ಬಾರಿ ಪೂರ್ತಿಯಾಗಿತ್ತು. ಕಣ್ಣು ಮುಚ್ಚಿದ ಟೀಚರ್, ಎದುರಿಗೆ ಪುಸ್ತಕ ಹಿಡಿದ ಹುಡುಗಿ. ಅತ್ತೆ ಅದನ್ನು ಕತ್ತರಿಸಿ ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ ಅಂಟಿಸಿದರು. ಅಳತೆ ಕೊಡಲು ಬಂದವರೆಲ್ಲಾ ಕೈ ಚಾಚಿಕೊಂಡು ನಿಂತಿರುವಾಗ ಅದನ್ನು ಓದಲೇಬೇಕಾಯಿತು.

ಮಂಡಳಿಯ ಸಭೆಗೆ ಸಾರ್ವಜನಿಕರನ್ನೂ ಕರೆದಿದ್ದರು. ಟೀಚರ್ ಮಾತಾಡಲೆಂದು ಎರಡು ಪುಟ ಬರೆದುಕೊಂಡು ಹೋಗಿದ್ದರು. ಅವರಿಗಿಂತ ಮುಂಚೆ, ಕರೆಯದೆಯೇ, ಬಸ್ಸಿನ ಖಾಕಿ ಅಂಗಿಯಲ್ಲಿ ಲೆಕ್ಕದ ಮೇಷ್ಟ್ರು ಎದ್ದು ನಿಂತರು.

"ನಾನು ಈಗ ಬಸ್ಸು ಓಡಿಸ್ತೀನಿ" ಅಂದರು. "ಡಿಪೋದಲ್ಲಿ ನನ್ನ ಕೆಲಸ ಕಾಯಂ. ಬ್ರೇಕ್ ಸರಿ ಇಲ್ಲ ಅಂದ್ರೆ ಗಾಡಿ ತೆಗೆಯೋಲ್ಲ ಅಂತೀನಿ, ರಿಪೇರಿ ಮಾಡಿ ಕೊಡ್ತಾರೆ. ಯಾರೂ ಮನೆಗೆ ಕಳಿಸಲ್ಲ. ನೀವೆಲ್ಲಾ ಧೈರ್ಯವಾಗಿ ನನ್ನ ಬಸ್ಸು ಹತ್ತೋದು ಅದಕ್ಕೇ. ಮಕ್ಕಳು ಕೂರೋ ಕೋಣೆಗೂ ಅಷ್ಟು ಬೇಡವಾ?"

ಹೇಳಿ ಕೂತರು. ಟೀಚರ್ ತಮ್ಮ ಎರಡು ಪುಟವನ್ನು ಮಡಚಿ ಚೀಲದೊಳಗಿಟ್ಟರು. ಅದಕ್ಕಿಂತ ಚೆನ್ನಾಗಿ ಹೇಳುವುದು ತಮ್ಮಿಂದಾಗದು ಎಂದು ಅವರಿಗೆ ಗೊತ್ತಾಗಿತ್ತು, ಅದರಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಹಿಂದಿನ ಸಾಲಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು ಎದ್ದು, ತಾನು ಇದೇ ಟೀಚರ ಹತ್ತಿರ ಓದಿದವಳು, ಆಗ ಎರಡು ಜಡೆ ಹಾಕುತ್ತಿದ್ದೆ ಎಂದು ಏನೋ ಹೇಳಹೊರಟು ಗದ್ದಲದಲ್ಲಿ ಕೂತುಬಿಟ್ಟಳು.

ಪ್ರಸ್ತಾವ ಬಿದ್ದುಹೋಯಿತು. ಜಯಕಾರವೇನೂ ಆಗಲಿಲ್ಲ. ಹನ್ನೊಂದು ಜನರಲ್ಲಿ ಆರು ಜನ ಬೇಡವೆಂದರು, ಅಷ್ಟೇ. ಆದರೆ ಆ ಸಭೆಯಲ್ಲೇ ಇನ್ನೊಂದು ನಿರ್ಧಾರವೂ ಆಯಿತು. ಕಾರಣ ಹೇಳದೆ ಗುತ್ತಿಗೆ ನಿಲ್ಲಿಸಿದ ಹಳಬರು ವಯಸ್ಸಿನ ತಡೆಯಿಲ್ಲದೆ ಕಾಯಂ ಹುದ್ದೆಯ ಪರೀಕ್ಷೆ ಬರೆಯಬಹುದು ಎಂದು. ಲೆಕ್ಕದ ಮೇಷ್ಟ್ರು ಬರೆಯುವುದಿಲ್ಲ ಅಂದರು. ಸ್ಟೇರಿಂಗು ಕೈಗೆ ಒಗ್ಗಿದೆ, ಬಸ್ಸಿನಲ್ಲಿ ಯಾರೂ ಕಾಪಿ ಹೊಡೆಯುವುದಿಲ್ಲ ಎಂದು ತಮಾಷೆ ಮಾಡಿದರು. ಟೀಚರ್ ಎರಡು ತಿಂಗಳು ದಿನವೂ ಬೇಕೆಂದೇ ಹನ್ನೆರಡನೇ ನಂಬರಿನಲ್ಲಿ ಹೋಗಿ, ಇಳಿಯುವಾಗ ಡ್ರೈವರಿಗೆ ಕೇಳಿಸುವಂತೆ, "ಅರ್ಜಿಗೆ ಇನ್ನು ಇಷ್ಟು ದಿನ ಇದೆ" ಎಂದು ಹೇಳಿ ಇಳಿಯುತ್ತಿದ್ದರು. ಕೊನೆಗೆ ಕಂಡಕ್ಟರನೇ ರೋಸಿಹೋಗಿ, "ಬರೆದುಬಿಡಿ ಸಾರ್, ಇವರ ಕಾಟ ತಪ್ಪಲಿ" ಅಂದ.

ಮುಂದಿನ ವರ್ಷ ಶಾಲೆ ಶುರುವಾದ ದಿನ, ಪರೀಕ್ಷೆ ಪಾಸಾದ ಲೆಕ್ಕದ ಮೇಷ್ಟ್ರು ಹೊಸ ಅಂಗಿ ತೊಟ್ಟು ಬಂದರು. ಅದನ್ನು ಹೊಲಿದವರು ಟೀಚರ ಗಂಡ, ಗುಂಡಿ ಹಾಕಿದವರು ಅತ್ತೆ. ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ, ಹೆಡ್‌ಮಾಸ್ಟರು ತಮ್ಮ ಕೋಣೆಯಿಂದ ಒಂದನ್ನು ತಾವೇ ಎತ್ತಿಕೊಂಡು ಬಂದು ಹಾಕಿದರು. ಮೇಷ್ಟ್ರು ಕೂರಲಿಲ್ಲ. ಕಾರಿಡಾರಿನ ಉದ್ದಕ್ಕೂ ಒಂದು ಸುತ್ತು ಹಾಕಿ, ಮಹಡಿ ಹತ್ತಿ ಇಳಿದು, ಶಾಲೆಯ ಹಿಂಬದಿಗೂ ಹೋಗಿ ಬಂದರು. ಆಮೇಲೆ ಟೀಚರ ಪಕ್ಕ ಕೂತು ಒಂದು ಬಿಳಿ ಹಾಳೆ ಕೇಳಿದರು.

"ಏನು ಬರೀತಿದ್ದೀರಿ ಮೇಷ್ಟ್ರೇ, ಮೊದಲ ದಿನಾನೇ?"

"ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲ. ಮಹಡಿ ಮೆಟ್ಟಿಲ ಕಟಕಟೆ ಅಲ್ಲಾಡ್ತಿದೆ. ದೂರು ಬರೀತಿದ್ದೀನಿ."

ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡರು. ದೀರ್ಘವಾಗಿ ಉಸಿರು ಬಿಟ್ಟು, ಜೇಬಿನಿಂದ ತಮ್ಮ ಪೆನ್ನು ತೆಗೆದು ಮೇಷ್ಟ್ರ ಮುಂದಿಟ್ಟರು.

"ಕಿಟಕಿ ಸರಳೂ ಸೇರಿಸಿಬಿಡಿ" ಅಂದರು ಟೀಚರ್. "ನನ್ನ ಕೋಣೇಲಿ ಎರಡು ಕಿತ್ತುಬಂದಿವೆ." ಅಷ್ಟರಲ್ಲಿ ಗಂಟೆ ಹೊಡೆಯಿತು, ಅವರು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೊರಟರು.